ಪ್ರಶ್ನೋತ್ತರ: ಶೆಫೀಲ್ಡ್ 1926, ಒಂದು ಪಾಲಿಕೆ ಚುನಾವಣೆಯ ಒಳಲೆಕ್ಕ

ಎರಡು ಮಹಾಯುದ್ಧಗಳ ನಡುವೆ ಬ್ರಿಟನ್ನಿನ ನಗರಗಳಲ್ಲಿ ನಡೆದ ಪಾಲಿಕೆ ಚುನಾವಣೆಗಳ ಬಗ್ಗೆ ಈ ಬಾರಿ ಹಲವು ಪತ್ರಗಳು ಬಂದಿವೆ. ಆಯ್ದ ಪ್ರಶ್ನೆಗಳಿಗೆ ನಮ್ಮ ಇತಿಹಾಸ ಅಂಕಣಕಾರರು ಉತ್ತರಿಸಿದ್ದಾರೆ.

ಪ್ರಶ್ನೆ: ನನ್ನ ಮಗಳು ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಓದುತ್ತಿದ್ದಾಳೆ. ಅಲ್ಲಿನ ಗ್ರಂಥಾಲಯದಲ್ಲಿ 1926ರ ನವೆಂಬರಿನ ಪಾಲಿಕೆ ಫಲಿತಾಂಶದ ಪಟ್ಟಿ ಸಿಕ್ಕಿತೆಂದು ಫೋಟೊ ಕಳಿಸಿದಳು. ಒಂದು ಊರಿನ ವಾರ್ಡ್ ಚುನಾವಣೆಯನ್ನು ಅಲ್ಲಿಯವರು ಇಷ್ಟು ನೆನಪಿಡುವುದೇಕೆ?
(ಓದುಗರೊಬ್ಬರು, ಧಾರವಾಡ)

ಉತ್ತರ: 1926ರ ನವೆಂಬರ್ 1ರ ಆ ಚುನಾವಣೆಯಲ್ಲಿ ಲೇಬರ್ ಪಕ್ಷ ಶೆಫೀಲ್ಡ್ ಪಾಲಿಕೆಯನ್ನು ಕೈಗೆ ತೆಗೆದುಕೊಂಡಿತು. ಇಂಗ್ಲೆಂಡಿನ ಒಂದು ದೊಡ್ಡ ನಗರದ ಆಡಳಿತ ಆ ಪಕ್ಷಕ್ಕೆ ದಕ್ಕಿದ್ದು ಅದೇ ಮೊದಲು. ಸುಮಾರು ಐದು ಲಕ್ಷ ಜನರಿದ್ದ ಉಕ್ಕಿನ ಊರು ಅದು. ಚಾಕು, ಕತ್ತರಿ, ಫಿರಂಗಿ ಎಲ್ಲವೂ ಅಲ್ಲಿಂದ ಹೊರಡುತ್ತಿದ್ದವು.

ಆ ವರ್ಷ ಹೇಗಿತ್ತೆಂದು ನೋಡಿ. ಮೇ ತಿಂಗಳಲ್ಲಿ ಒಂಬತ್ತು ದಿನ ದೇಶವ್ಯಾಪಿ ಮುಷ್ಕರ ನಡೆದು ಮುರಿದುಬಿತ್ತು. ಕಲ್ಲಿದ್ದಲ ಗಣಿಗಳ ಲಾಕೌಟ್ ಮಾತ್ರ ಮತದಾನದ ದಿನವೂ ಮುಗಿದಿರಲಿಲ್ಲ. ಕಲ್ಲಿದ್ದಲಿಲ್ಲದೆ ಉಕ್ಕಿನ ಕುಲುಮೆ ಉರಿಯುವುದು ಹೇಗೆ? ಮುಷ್ಕರದ ಸೋಲಿನಿಂದ ನೊಂದ ಕಾರ್ಮಿಕರು ಮತಪೆಟ್ಟಿಗೆಯ ಕಡೆ ತಿರುಗಿದರು ಎನ್ನುವುದು ಸಾಮಾನ್ಯ ವಿವರಣೆ. ಅದು ನಿಜ, ಆದರೆ ಅರ್ಧ ನಿಜ. 1919ರಿಂದಲೇ ಲೇಬರ್ ವಾರ್ಡಿನಿಂದ ವಾರ್ಡಿಗೆ ಬೇರು ಬಿಡುತ್ತಿತ್ತು. ಅದನ್ನು ತಡೆಯಲೆಂದೇ ಕನ್ಸರ್ವೇಟಿವ್ ಮತ್ತು ಲಿಬರಲ್ ಪಕ್ಷದವರು ಹಳೆಯ ಜಗಳ ಮರೆತು 1920ರಲ್ಲಿ ಒಂದಾಗಿದ್ದರು. ಬದ್ಧ ವೈರಿಗಳಿಬ್ಬರು ಕೈಕೈ ಹಿಡಿದರೆಂದರೆ ಮೂರನೆಯವನ ಬಲ ಎಷ್ಟಿತ್ತೆಂದು ಆಗಲೇ ಗೊತ್ತಾಗಿತ್ತು.

ಪ್ರಶ್ನೆ: ಆ ಕಾಲದ ಪಟ್ಟಿಗಳಲ್ಲಿ ‘ಸಿಟಿಜನ್ಸ್’, ‘ಪ್ರೋಗ್ರೆಸಿವ್’, ‘ಮಾಡರೇಟ್’, ‘ಮುನಿಸಿಪಲ್ ರಿಫಾರ್ಮ್’ ಎಂಬ ಪಕ್ಷಗಳು ಕಾಣುತ್ತವೆ. ಸಂಸತ್ತಿನಲ್ಲಿ ಇಂಥ ಪಕ್ಷಗಳೇ ಇರಲಿಲ್ಲವಲ್ಲ?
(ಪದವಿ ಕಾಲೇಜಿನ ಅಧ್ಯಾಪಕಿ, ಶಿವಮೊಗ್ಗ)

ಉತ್ತರ: ಹೆಸರು ಹಲವು, ಮಂದಿ ಬಹುಮಟ್ಟಿಗೆ ಅವರೇ. ಶೆಫೀಲ್ಡ್‌ನಲ್ಲಿ ಒಂದಾದ ಆ ಕನ್ಸರ್ವೇಟಿವ್-ಲಿಬರಲ್ ಕೂಟ ತನ್ನನ್ನು ‘ಸಿಟಿಜನ್ಸ್ ಅಸೋಸಿಯೇಶನ್’ ಎಂದು ಕರೆದುಕೊಂಡಿತು, ಮುಂದೆ ಹೆಸರು ಬದಲಿಸಿತು. ಬ್ರಿಸ್ಟಲ್‌ನಲ್ಲಿ ಇಂಥದೇ ‘ಸಿಟಿಜನ್’ ಪಕ್ಷ ಇತ್ತು. ಗ್ಲಾಸ್ಗೊದಲ್ಲಿ ‘ಮಾಡರೇಟ್’ಗಳು. ಲಂಡನ್ನಿನಲ್ಲಿ ಕನ್ಸರ್ವೇಟಿವರೇ ‘ಮುನಿಸಿಪಲ್ ರಿಫಾರ್ಮ್’ ವೇಷದಲ್ಲಿ ಬಂದರು.

ಊರಿನ ಚರಂಡಿ, ಟ್ರಾಮು, ಕಂದಾಯಕ್ಕೆ ರಾಜಕೀಯ ಬೆರೆಸಬಾರದು ಎಂಬುದು ಇವರ ಘೋಷಣೆ. ಲೇಬರ್‌ನವರ ಉತ್ತರವೂ ಸಿದ್ಧವಿತ್ತು: ಕಂದಾಯ ಯಾರ ಮೇಲೆ ಹಾಕುತ್ತೀರಿ, ನಲ್ಲಿ ಯಾವ ಬೀದಿಗೆ ಕೊಡುತ್ತೀರಿ ಎನ್ನುವುದೇ ರಾಜಕೀಯ.

ಇನ್ನೊಂದು ಸಂಗತಿ. ಆಗಿನ ಮತಪತ್ರದಲ್ಲಿ ಪಕ್ಷದ ಹೆಸರೂ ಇರಲಿಲ್ಲ, ಚಿಹ್ನೆಯೂ ಇರಲಿಲ್ಲ. ಅಭ್ಯರ್ಥಿಯ ಹೆಸರು, ವಿಳಾಸ, ಕಸುಬು, ಅಷ್ಟೇ. ಪಕ್ಷದ ಹೆಸರು ಮತಪತ್ರಕ್ಕೆ ಬರಲು 1969ರ ಕಾಯ್ದೆಯೇ ಬೇಕಾಯಿತು. ಆದ್ದರಿಂದ ಹಳೆಯ ಪಟ್ಟಿಗಳಲ್ಲಿನ ಪಕ್ಷದ ಗುರುತುಗಳು ಹೆಚ್ಚಾಗಿ ಪತ್ರಿಕೆಯವರು ಅಂಟಿಸಿದವು. ‘ಸ್ವತಂತ್ರ’ ಎಂದು ಅಚ್ಚಾದವರೆಲ್ಲ ನಿಜಕ್ಕೂ ಸ್ವತಂತ್ರರು ಎಂದುಕೊಳ್ಳಬೇಡಿ.

ಪ್ರಶ್ನೆ: ನಾನು ಪುರಸಭೆಯಲ್ಲಿ ಕೆಲಸ ಮಾಡಿ ನಿವೃತ್ತನಾದವನು. ನಮ್ಮಲ್ಲಿ ಅವಧಿ ಮುಗಿದರೆ ಎಲ್ಲ ವಾರ್ಡುಗಳಿಗೂ ಒಟ್ಟಿಗೆ ಚುನಾವಣೆ. ಅಲ್ಲಿ ವರ್ಷಕ್ಕೊಮ್ಮೆ ಚುನಾವಣೆ ನಡೆಯುತ್ತಿತ್ತೆಂದು ಓದಿದೆ. ‘ಆಲ್ಡರ್‌ಮನ್’ ಎಂಬವರು ಬೇರೆ! ದಯವಿಟ್ಟು ಬಿಡಿಸಿ ಹೇಳಿ.
(ಹಿರಿಯ ನಾಗರಿಕರು, ಹಾಸನ)

ಉತ್ತರ: ಈ ಪತ್ರ ನೇರವಾಗಿ ವಿಷಯದ ಗಂಟಿಗೇ ಕೈ ಹಾಕಿದೆ.

ಇಂಗ್ಲೆಂಡಿನ ನಗರಗಳಲ್ಲಿ ಆಗ ಸಾಮಾನ್ಯವಾಗಿ ಒಂದು ವಾರ್ಡಿಗೆ ಮೂವರು ಕೌನ್ಸಿಲರ್‌ಗಳು. ಅವಧಿ ಮೂರು ವರ್ಷ. ಪ್ರತಿ ನವೆಂಬರ್ 1ರಂದು ಮೂವರಲ್ಲಿ ಒಬ್ಬರು ಇಳಿಯಬೇಕಿತ್ತು. ಆ ದಿನ ಭಾನುವಾರವಾದರೆ ಮರುದಿನ ಮತದಾನ. ಅಂದರೆ ಯಾವ ವರ್ಷದ ಫಲಿತಾಂಶವಾದರೂ ಮೂರನೇ ಒಂದು ಪಾಲಿನ ಕೌನ್ಸಿಲರ್‌ಗಳದ್ದು ಮಾತ್ರ.

ಕೌನ್ಸಿಲರ್‌ಗಳ ಸಂಖ್ಯೆಯ ಮೂರನೇ ಒಂದರಷ್ಟು ಆಲ್ಡರ್‌ಮನ್‌ಗಳು ಬೇರೆ. ಇವರನ್ನು ಜನ ಆರಿಸುತ್ತಿರಲಿಲ್ಲ, ಕೌನ್ಸಿಲರ್‌ಗಳು ಆರಿಸುತ್ತಿದ್ದರು. ಅವಧಿ ಆರು ವರ್ಷ. ಮೂರು ವರ್ಷಕ್ಕೊಮ್ಮೆ ಅವರಲ್ಲಿ ಅರ್ಧ ಜನ ನಿವೃತ್ತಿ. ಉದಾಹರಣೆಗೆ 60 ಕೌನ್ಸಿಲರ್‌ಗಳಿರುವ ಪಾಲಿಕೆಯನ್ನು ಊಹಿಸಿಕೊಳ್ಳಿ. ಆಲ್ಡರ್‌ಮನ್‌ಗಳು 20, ಒಟ್ಟು 80, ಬಹುಮತಕ್ಕೆ 41. ಒಂದು ನವೆಂಬರಿನಲ್ಲಿ ಮತಕ್ಕೆ ಬರುವುದು 20 ಸ್ಥಾನ. ಇಪ್ಪತ್ತಕ್ಕೆ ಇಪ್ಪತ್ತೂ ಗೆದ್ದ ಹೊಸ ಪಕ್ಷ ಬಹುಮತದ ಅರ್ಧ ದಾರಿಯನ್ನೂ ಮುಟ್ಟುವುದಿಲ್ಲ. ಒಂದು ಮಳೆಗೆ ದೊಡ್ಡ ಕೆರೆ ಕೋಡಿ ಬೀಳದ ಹಾಗೆ.

ಕೌನ್ಸಿಲರ್ ಒಬ್ಬರು ಆಲ್ಡರ್‌ಮನ್ ಆದರೆ ಅವರ ವಾರ್ಡ್ ತೆರವಾಗಿ ಉಪಚುನಾವಣೆ ಬರುತ್ತಿತ್ತು. ಹೀಗಾಗಿ ಕಡಿಮೆ ಅಂತರದ ಪಾಲಿಕೆಗಳಲ್ಲಿ ಯಾರಿಗೆ ಬಡ್ತಿ ಕೊಡುವುದೆಂಬುದೇ ದೊಡ್ಡ ಜೂಜು. 1972ರ ಸ್ಥಳೀಯ ಆಡಳಿತ ಕಾಯ್ದೆ ಆಲ್ಡರ್‌ಮನ್ ಪದ್ಧತಿಗೆ ಕೊನೆ ಹಾಡಿತು.

ವರ್ಷಕ್ಕೆ ಮೂರನೇ ಒಂದು ಪಾಲಿಗಷ್ಟೇ ಚುನಾವಣೆ ನಡೆಯುತ್ತಿದ್ದುದರ ಪರಿಣಾಮ ಶೆಫೀಲ್ಡ್‌ನಲ್ಲೇ ಸೊಗಸಾಗಿ ಕಾಣುತ್ತದೆ. 1931ರ ಅಕ್ಟೋಬರ್ 27ರ ಮಹಾಚುನಾವಣೆಯಲ್ಲಿ ಲೇಬರ್ ನೆಲಕಚ್ಚಿತು. ಶೆಫೀಲ್ಡ್‌ನ ಏಳು ಸಂಸತ್ ಕ್ಷೇತ್ರಗಳಲ್ಲಿ ಒಂದೂ ಉಳಿಯಲಿಲ್ಲ. ಆರು ದಿನ ಕಳೆದು ನವೆಂಬರ್ 2ರಂದು ಪಾಲಿಕೆ ಚುನಾವಣೆ ನಡೆದಾಗ ದೇಶದುದ್ದಕ್ಕೂ ಅದೇ ಗಾಳಿ. ಆದರೂ ಶೆಫೀಲ್ಡ್ ಪಾಲಿಕೆ ಲೇಬರ್ ಕೈಯಲ್ಲೇ ಇತ್ತು! ಮೂರನೇ ಒಂದು ಪಾಲು ಮಾತ್ರ ಮತಕ್ಕೆ ಬಂದಿತ್ತಲ್ಲ. ಅಧಿಕಾರ ಹೋಗಿದ್ದು 1932ರಲ್ಲಿ, ಮರಳಿ ಬಂದದ್ದು 1933ರಲ್ಲಿ. ಆಮೇಲೆ 1960ರ ದಶಕದ ಕೊನೆಯವರೆಗೂ ಹಿಡಿತ ಸಡಿಲವಾಗಲಿಲ್ಲ.

ಪ್ರಶ್ನೆ: ಆಗ ಎಲ್ಲ ವಯಸ್ಕರಿಗೂ ಮತದಾನದ ಹಕ್ಕು ಬಂದಿತ್ತೇ?
(ಕಾನೂನು ವಿದ್ಯಾರ್ಥಿನಿ, ಬೆಂಗಳೂರು)

ಉತ್ತರ: ಸಂಸತ್ತಿಗೆ ಮತ್ತು ಪಾಲಿಕೆಗೆ ಎರಡು ಬೇರೆ ಮತದಾರರ ಬಳಗಗಳು ಇದ್ದವು. 1918ರ ಕಾಯ್ದೆಯಂತೆ 21 ತುಂಬಿದ ಗಂಡಸಿಗೆ ವಾಸವಿದ್ದರೆ ಸಾಕು, ಸಂಸತ್ತಿನ ಚುನಾವಣೆಯಲ್ಲಿ ಮತ. ಪಾಲಿಕೆಗೆ ಮಾತ್ರ ಮನೆಯನ್ನೋ ಅಂಗಡಿಯನ್ನೋ ಮಾಲೀಕರಾಗಿ ಇಲ್ಲವೇ ಬಾಡಿಗೆದಾರರಾಗಿ ಹಿಡಿದಿರಬೇಕು. ಕಂದಾಯದ ಹೊರೆ ಹೊರುವವರಿಗೇ ಪಾಲಿಕೆಯ ಮತ ಎಂಬ ಹಳೆಯ ತತ್ವ ಅದು. ಅಪ್ಪನ ಮನೆಯಲ್ಲಿದ್ದು ಕುಲುಮೆಯಲ್ಲಿ ದುಡಿಯುವ 25ರ ಮಗ ಪ್ರಧಾನಿಯನ್ನು ಬದಲಿಸಬಲ್ಲ, ವಾರ್ಡಿನ ಕೌನ್ಸಿಲರನ್ನು ಬದಲಿಸಲಾರ. ಮಾಲೀಕರ ಮನೆಯಲ್ಲೇ ಉಳಿದ ಮನೆಗೆಲಸದವರದೂ ಅದೇ ಪಾಡು.

ಹೆಂಗಸರ ವಿಷಯ ಇನ್ನೂ ತೊಡಕು. ತನ್ನ ಹೆಸರಿನಲ್ಲೇ ಮನೆಯಿದ್ದವಳಿಗೆ 21ಕ್ಕೆ ಪಾಲಿಕೆಯ ಮತ. ಗಂಡನ ಅರ್ಹತೆಯಿಂದ ಹಕ್ಕು ಪಡೆಯುವ ಹೆಂಡತಿ 30ರವರೆಗೆ ಕಾಯಬೇಕಿತ್ತು. 1928ರಲ್ಲಿ ಆ ಭೇದ ಹೋಯಿತು. ಸಂಸತ್ತಿಗೆ ಮತ ಹಾಕುವವರೆಲ್ಲ ಪಾಲಿಕೆಗೂ ಹಾಕಬಹುದೆಂದಾದದ್ದು 1945ರಲ್ಲಿ. ಹೀಗಿರುವಾಗ 1926ರಲ್ಲಿ ಲೇಬರ್ ಗೆದ್ದದ್ದು ತನಗೆ ಅನುಕೂಲವಲ್ಲದ ಮತದಾರರ ಪಟ್ಟಿಯ ಮೇಲೆ. ಆ ಗೆಲುವನ್ನು ತೂಗುವಾಗ ಇದನ್ನು ಮರೆಯಬಾರದು.

ಪ್ರಶ್ನೆ: ಪಾಲಿಕೆ ಗೆದ್ದು ಮಾಡಿದ್ದೇನು? ಕೌನ್ಸಿಲರ್‌ಗಳಿಗೆ ಅಷ್ಟು ಅಧಿಕಾರ ಇತ್ತೇ?
(ಮಾಜಿ ವಾರ್ಡ್ ಸದಸ್ಯರು, ದಾವಣಗೆರೆ)

ಉತ್ತರ: ಇಂದಿನ ಕಣ್ಣಿಗೆ ಬೆರಗಾಗುವಷ್ಟು ಇತ್ತು. ಶಾಲೆ, ನೀರು, ವಿದ್ಯುತ್, ಟ್ರಾಮು ಪಾಲಿಕೆಯ ಕೈಯಲ್ಲಿದ್ದವು. ಪೊಲೀಸರ ಮೇಲೂ ಪಾಲಿಕೆಯ ಸಮಿತಿಯ ಉಸ್ತುವಾರಿ. ಆ ಕಾಲದ ಶೆಫೀಲ್ಡ್‌ನ ಪುಂಡರ ಗುಂಪುಗಳನ್ನು ಅಡಗಿಸಿದ ಪೊಲೀಸ್ ಮುಖ್ಯಸ್ಥ ಪರ್ಸಿ ಸಿಲಿಟೊ ಮುಂದೆ ಬ್ರಿಟನ್ನಿನ ಗುಪ್ತಚರ ಸಂಸ್ಥೆ ಎಂಐ5ಕ್ಕೆ ಮುಖ್ಯಸ್ಥರಾದರು. 1930ರಲ್ಲಿ ಬಡವರ ಪರಿಹಾರದ ಹಳೆಯ ಮಂಡಳಿಗಳು ರದ್ದಾಗಿ ಆ ಹೊಣೆಯೂ ಪಾಲಿಕೆಗಳ ತಲೆಗೇ ಬಂತು.

ಎಲ್ಲಕ್ಕಿಂತ ದೊಡ್ಡದು ಮನೆ. ಶೆಫೀಲ್ಡ್‌ನಲ್ಲಿ ಗಾಳಿ ಹೆಚ್ಚಾಗಿ ಪಶ್ಚಿಮದಿಂದ ಬೀಸುತ್ತದೆ. ಉಳ್ಳವರು ಪಶ್ಚಿಮದ ಹಾಲಮ್, ಎಕ್ಲ್‌ಸಾಲ್ ಕಡೆ ಇದ್ದರು. ಪೂರ್ವದ ಆಟರ್‌ಕ್ಲಿಫ್, ಡಾರ್ನಾಲ್‌ಗಳಲ್ಲಿ ಕಾರ್ಖಾನೆ, ಹೊಗೆ, ಬೆನ್ನಿಗೆ ಬೆನ್ನು ಅಂಟಿಸಿ ಕಟ್ಟಿದ ಕಾರ್ಮಿಕರ ಮನೆಗಳು. ಅರ್ನೆಸ್ಟ್ ರೌಲಿನ್‌ಸನ್ ನಾಯಕತ್ವದ ಲೇಬರ್ ಆಡಳಿತ ಗುತ್ತಿಗೆದಾರರನ್ನೇ ನೆಚ್ಚಿಕೊಳ್ಳದೆ ಪಾಲಿಕೆಯದೇ ಕಾಮಗಾರಿ ಇಲಾಖೆಯಿಂದ ಮನೆ ಕಟ್ಟಿಸಲು ಹೊರಟಿತು. ಹಣಕ್ಕೆ 1924ರ ವೀಟ್ಲಿ ವಸತಿ ಕಾಯ್ದೆಯ ಸಹಾಯಧನ ಇತ್ತು. ಮ್ಯಾನರ್, ವೈಬರ್ನ್, ಆಮೇಲೆ ಪಾರ್ಸನ್ ಕ್ರಾಸ್ ಬಡಾವಣೆಗಳು ಬೆಳೆದದ್ದು ಹೀಗೆ.

ಮನೆ ಕಟ್ಟಿದವರಿಗೆಲ್ಲ ಮತ ಬಂತೆಂದೂ ಅಲ್ಲ. 1933ರಲ್ಲಿ ಲೀಡ್ಸ್ ಗೆದ್ದ ಲೇಬರ್, ಪಾದ್ರಿ ಚಾರ್ಲ್ಸ್ ಜೆಂಕಿನ್‌ಸನ್ ಅವರ ಮುಂದಾಳತ್ವದಲ್ಲಿ ಭಾರಿ ಕೊಳೆಗೇರಿ ನಿರ್ಮೂಲನೆಗೆ ಕೈ ಹಾಕಿತು. ಬಾಡಿಗೆಯನ್ನು ಕುಟುಂಬದ ವರಮಾನ ನೋಡಿ ಗೊತ್ತುಮಾಡಿತು. ಕಡುಬಡವರಿಗೆ ಹಗುರವಾಯಿತು, ಸ್ವಲ್ಪ ಸಂಪಾದನೆಯಿದ್ದ ಬಾಡಿಗೆದಾರರು ಸಿಡಿದೆದ್ದರು. 1935ರಲ್ಲಿ ಪಾಲಿಕೆ ಕೈತಪ್ಪಿತು.

ಪ್ರಶ್ನೆ: ಮಹಿಳೆಯರು, ಭಾರತೀಯರು ಯಾರಾದರೂ ಗೆದ್ದಿದ್ದರೇ?
(ಗೃಹಿಣಿ, ಉಡುಪಿ)

ಉತ್ತರ: ಇಂಗ್ಲೆಂಡಿನ ಪಾಲಿಕೆಗಳಿಗೆ ಮಹಿಳೆಯರು ನಿಲ್ಲಬಹುದೆಂದು 1907ರಲ್ಲೇ ಕಾಯ್ದೆ ಆಯಿತು, ಸಂಸತ್ತಿಗಿಂತ ಹನ್ನೊಂದು ವರ್ಷ ಮೊದಲು. ಎಲಿನರ್ ರಾಥ್‌ಬೋನ್ 1909ರಲ್ಲಿ ಲಿವರ್‌ಪೂಲ್ ಪಾಲಿಕೆಗೆ ಸ್ವತಂತ್ರರಾಗಿ ಗೆದ್ದರು. ಅದೇ ಊರಿಗೆ 1927ರಲ್ಲಿ ಮಾರ್ಗರೆಟ್ ಬೀವನ್ ಮೊದಲ ಮಹಿಳಾ ಲಾರ್ಡ್ ಮೇಯರ್ ಆದರು. ಶೆಫೀಲ್ಡ್‌ನಲ್ಲಿ 1919ರಲ್ಲಿ ಗೆದ್ದ ಎಲಿನರ್ ಬಾರ್ಟನ್ ಮಹಿಳಾ ಸಹಕಾರ ಚಳವಳಿಯವರು.

ಭಾರತೀಯರು ಲಂಡನ್ನಿನಲ್ಲಿ ಸಿಗುತ್ತಾರೆ. ಮುಂದೆ ನಮ್ಮ ರಕ್ಷಣಾ ಸಚಿವರಾದ ವಿ.ಕೆ. ಕೃಷ್ಣ ಮೆನನ್ 1934ರಲ್ಲಿ ಸೇಂಟ್ ಪ್ಯಾಂಕ್ರಾಸ್ ಬರೋಗೆ (ನಗರದೊಳಗಿನ ಸ್ಥಳೀಯ ಪಾಲಿಕೆ) ಲೇಬರ್ ಕೌನ್ಸಿಲರ್ ಆಗಿ 1947ರವರೆಗೂ ಇದ್ದರು. ವೈದ್ಯ ಚುನಿಲಾಲ್ ಕತಿಯಾಲ್ 1938ರಲ್ಲಿ ಫಿನ್ಸ್‌ಬರಿಯ ಮೇಯರ್ ಆದರು. ಒಂದು ವ್ಯತ್ಯಾಸ ಗಮನಿಸಿ: ಲಂಡನ್ ಬರೋಗಳಲ್ಲಿ ಆಗ ಮೂರು ವರ್ಷಕ್ಕೊಮ್ಮೆ ಎಲ್ಲ ಸ್ಥಾನಗಳಿಗೂ ಒಟ್ಟಿಗೆ ಚುನಾವಣೆ, ನಮ್ಮ ಹಾಗೆಯೇ.

ಪ್ರಶ್ನೆ: ಅಲ್ಲಿಯ ಪಾಲಿಕೆ ಚುನಾವಣೆಗಳಲ್ಲಿ ಜಾತಿ, ಮತದ ಗಾಳಿ ಇರಲಿಲ್ಲವೆಂದು ಭಾವಿಸಬಹುದೇ?
(ಓದುಗರು, ಕಲಬುರಗಿ)

ಉತ್ತರ: ಭಾವಿಸಬೇಡಿ. ಗ್ಲಾಸ್ಗೊದಲ್ಲಿ ಅಲೆಕ್ಸಾಂಡರ್ ರ‍್ಯಾಟ್‌ಕ್ಲಿಫ್ ಕಟ್ಟಿದ ಸ್ಕಾಟಿಷ್ ಪ್ರಾಟೆಸ್ಟಂಟ್ ಲೀಗ್, ಐರಿಷ್ ಕ್ಯಾಥೊಲಿಕರ ಮೇಲಿನ ದ್ವೇಷವನ್ನೇ ಬಂಡವಾಳ ಮಾಡಿಕೊಂಡು 1933ರಲ್ಲಿ ಐದನೇ ಒಂದಕ್ಕಿಂತ ಹೆಚ್ಚು ಮತ ಪಡೆಯಿತು. ಮಾಡರೇಟ್‌ಗಳ ಮತ ಒಡೆಯಿತು, ಲಾಭ ಲೇಬರ್‌ಗೆ. ಗ್ಲಾಸ್ಗೊ ಪಾಲಿಕೆ ಮೊದಲ ಬಾರಿ ಅವರ ಪಾಲಾದದ್ದು ಆಗಲೇ. ಎಡಿನ್‌ಬರೊದಲ್ಲಿ ಜಾನ್ ಕಾರ್ಮಕ್ ಅವರ ಇಂಥದೇ ಗುಂಪು 1936ರಲ್ಲಿ ಮೂರನೇ ಒಂದರಷ್ಟು ಮತದ ಹತ್ತಿರ ಹೋಯಿತು. ಲಿವರ್‌ಪೂಲ್‌ನಲ್ಲಂತೂ ಪ್ರಾಟೆಸ್ಟಂಟ್ ಕಾರ್ಮಿಕರು ಕನ್ಸರ್ವೇಟಿವರನ್ನು ಬಿಡಲೇ ಇಲ್ಲ. ಅಲ್ಲಿ ಲೇಬರ್ ಬಹುಮತಕ್ಕೆ 1955 ಬರಬೇಕಾಯಿತು.

ಪ್ರಶ್ನೆ: ನಾನು ಇತಿಹಾಸದ ಸಂಶೋಧನಾ ವಿದ್ಯಾರ್ಥಿ. ಇಂಥ ಫಲಿತಾಂಶದ ಪಟ್ಟಿ ಕೈಗೆ ಬಂದರೆ ಮೊದಲು ಏನು ನೋಡಲಿ?
(ಮೈಸೂರು)

ಉತ್ತರ: ಒಟ್ಟು ಮತಗಳ ಶೇಕಡಾವಾರನ್ನು ಕೊನೆಗೆ ನೋಡಿ. ಮೊದಲು ‘ಅವಿರೋಧ’ ಎಂದಿರುವ ವಾರ್ಡುಗಳನ್ನು ಎಣಿಸಿ. ಗೆಲ್ಲುವ ಭರವಸೆಯಿಲ್ಲದ ಕಡೆ ಎದುರಾಳಿಗಳು ಹಣ ಸುಡುತ್ತಿರಲಿಲ್ಲ. ಹಾಗಾಗಿ ಒಂದು ಪಕ್ಷದ ಅತಿ ಗಟ್ಟಿ ನೆಲೆಯೇ ಮತಗಳ ಮೊತ್ತದಲ್ಲಿ ಸೊನ್ನೆಯಾಗಿ ಕಾಣುತ್ತದೆ. ಶೇಕಡಾವಾರು ಸುಳ್ಳು ಹೇಳುವುದು ಅಲ್ಲಿಯೇ.

ಆಮೇಲೆ ಅದೇ ಸ್ಥಾನದ ಮೂರು ವರ್ಷ ಹಿಂದಿನ ಫಲಿತಾಂಶ ಹುಡುಕಿ. 1926ನ್ನು 1925ರ ಜೊತೆಗಲ್ಲ, 1923ರ ಜೊತೆ ಹೋಲಿಸಬೇಕು, ಏಕೆಂದರೆ ಆಗ ಗೆದ್ದವರೇ ಈಗ ಇಳಿಯುತ್ತಿರುವವರು. 1919ರಲ್ಲಿ ಅಲೆಯ ಮೇಲೆ ಬಂದ ಎಷ್ಟೋ ಲೇಬರ್ ಕೌನ್ಸಿಲರ್‌ಗಳು 1922ರಲ್ಲಿ ಸೋತರು. 1929ರ ಒಳ್ಳೆಯ ಬೆಳೆಯನ್ನು ಪಕ್ಷ 1932ರಲ್ಲಿ ಕಾಯಬೇಕಾಯಿತು, ಶೆಫೀಲ್ಡ್ ಕೈತಪ್ಪಿದ್ದೂ ಆ ವರ್ಷವೇ.

ಕೊನೆಯದಾಗಿ, ಆಲ್ಡರ್‌ಮನ್‌ಗಳನ್ನು ಕೂಡಿಸಿ ಪಾಲಿಕೆಯ ಪೂರ್ಣ ಬಲಾಬಲ ಬರೆದುಕೊಳ್ಳಿ. ಜನ ಆ ದಿನ ಏನು ಹೇಳಿದರೆಂಬುದು ಫಲಿತಾಂಶದ ಪಟ್ಟಿಯಲ್ಲಿರುತ್ತದೆ. ಊರನ್ನು ಯಾರು ಆಳಿದರೆಂಬುದಕ್ಕೆ ಹಿಂದಿನ ಎರಡು ನವೆಂಬರುಗಳನ್ನೂ ಜನ ಆರಿಸದ ಆ ನಾಲ್ಕನೇ ಒಂದು ಭಾಗವನ್ನೂ ಸೇರಿಸಿ ಓದಬೇಕು.