*ಇಂದಿನ ಧಮ್ಮ ಚಿಂತನೆ: ಲಿಂಕನ್ ಸಹಿ ಮತ್ತು ಅದರ ಮರುದಿನ*





ಅಬ್ರಹಾಂ ಲಿಂಕನ್ ತಮ್ಮ ಮಗನ ಶಿಕ್ಷಕರಿಗೆ ಬರೆದರು ಎನ್ನುವ ಪತ್ರವೊಂದು ಪ್ರತಿ ವರ್ಷ ಶಿಕ್ಷಕರ ದಿನಾಚರಣೆಗೆ ತಪ್ಪದೆ ನಮ್ಮ ಗ್ರೂಪುಗಳಿಗೆ ಬರುತ್ತದೆ. ಎಷ್ಟೋ ಶಾಲೆಗಳ ಸ್ಟಾಫ್ ರೂಮಿನ ಗೋಡೆಯ ಮೇಲೂ ಅದು ತೂಗುತ್ತಿದೆ. ನಾನೂ ಅದನ್ನು ಮಕ್ಕಳಿಗೆ ಓದಿ ಹೇಳಿದವರಲ್ಲಿ ಒಬ್ಬ. ಆದರೆ ಲಿಂಕನ್ ಅವರ ಬರಹಗಳ ಸಂಗ್ರಹದಲ್ಲಿ ಆ ಪತ್ರ ಎಲ್ಲೂ ಇಲ್ಲ. ಕೇಳಿಬಂದದ್ದು ಎಂಬ ಕಾರಣಕ್ಕೇ ಏನನ್ನೂ ನಂಬಬೇಡಿ, ಪರೀಕ್ಷಿಸಿ ನೋಡಿ ಎಂದು ಭಗವಾನ್ ಬುದ್ಧರು ಕಾಲಾಮರಿಗೆ ಹೇಳಿದ್ದು ವಾಟ್ಸಾಪಿಗೂ ಅನ್ವಯಿಸುತ್ತದೆ. ಹಾಗಾಗಿ ಇವತ್ತು ಲಿಂಕನ್ ನಿಜವಾಗಿ ಬರೆದ ಪತ್ರವೊಂದರಿಂದ ಶುರು ಮಾಡೋಣ.

*ನಿಜವಾದ ಪತ್ರ*

1862ರ ಆಗಸ್ಟ್ 22. ಗುಲಾಮಗಿರಿಯನ್ನು ಉಳಿಸಿಕೊಳ್ಳಲು ದಕ್ಷಿಣದ 11 ರಾಜ್ಯಗಳು ಅಮೆರಿಕದ ಒಕ್ಕೂಟದಿಂದ ಹೊರಹೋಗಿ, ಅಂತರ್ಯುದ್ಧ ಎರಡನೇ ವರ್ಷಕ್ಕೆ ಕಾಲಿಟ್ಟಿತ್ತು. ಗುಲಾಮರ ಬಿಡುಗಡೆಗೆ ತಡ ಯಾಕೆ ಎಂದು ನ್ಯೂಯಾರ್ಕಿನ ಸಂಪಾದಕ ಹೊರೇಸ್ ಗ್ರೀಲಿ ಬಹಿರಂಗವಾಗಿ ಕೇಳಿದ್ದರು. ಅಧ್ಯಕ್ಷ ಲಿಂಕನ್ ಕೊಟ್ಟ ಉತ್ತರದ ಸಾರ ಇಷ್ಟು: ತನ್ನ ಗುರಿ ಒಕ್ಕೂಟವನ್ನು ಉಳಿಸುವುದು. ಒಬ್ಬ ಗುಲಾಮನನ್ನೂ ಬಿಡಿಸದೆ ಅದು ಸಾಧ್ಯವಾದರೆ ಹಾಗೆ, ಎಲ್ಲರನ್ನೂ ಬಿಡಿಸಿ ಸಾಧ್ಯವಾದರೆ ಹಾಗೆ. ಎಲ್ಲ ಮನುಷ್ಯರೂ ಸ್ವತಂತ್ರರಾಗಲಿ ಎಂಬುದು ತನ್ನ ವೈಯಕ್ತಿಕ ಆಸೆ ಎಂದೂ ಕೊನೆಯಲ್ಲಿ ಸೇರಿಸಿದ್ದರು.

ಈ ಪತ್ರ ಬರೆಯುವಾಗ ವಿಮೋಚನಾ ಘೋಷಣೆಯ ಕರಡು ಅವರ ಬಳಿ ಆಗಲೇ ಸಿದ್ಧವಿತ್ತು. ಜುಲೈ 22ರಂದೇ ಅದನ್ನು ಸಂಪುಟದ ಮುಂದೆ ಓದಿದ್ದರು. ಈಗ ಹೊರಡಿಸಿದರೆ ಸೋಲುವವರ ಕೊನೆಯ ಕೂಗಿನಂತೆ ಕಾಣುತ್ತದೆ, ಒಂದು ಗೆಲುವಿಗಾಗಿ ಕಾಯಿರಿ ಎಂದು ಸಚಿವ ಸೀವರ್ಡ್ ಸಲಹೆ ಕೊಟ್ಟರು. ಸೆಪ್ಟೆಂಬರ್ 17ರಂದು ಆಂಟೀಟಮ್‌ನಲ್ಲಿ ಆ ಗೆಲುವು ಸಿಕ್ಕಿತು. ಆ ಒಂದೇ ದಿನ ಎರಡೂ ಕಡೆ ಸೇರಿ ಸತ್ತವರು, ಗಾಯಗೊಂಡವರು, ಕಾಣೆಯಾದವರು ಸುಮಾರು 23,000. ಐದು ದಿನಗಳ ನಂತರ ಮುನ್ಸೂಚನೆ ಹೊರಬಿತ್ತು. 1863ರ ಜನವರಿ 1ರಂದು ಲಿಂಕನ್ ಅಂತಿಮ ಘೋಷಣೆಗೆ ಸಹಿ ಹಾಕಿದರು.

ಅದು ಬಿಡಿಸಿದ್ದು ಬಂಡಾಯದ ಪ್ರದೇಶಗಳ ಗುಲಾಮರನ್ನು ಮಾತ್ರ. ಒಕ್ಕೂಟದಲ್ಲೇ ಉಳಿದಿದ್ದ ಕೆಂಟಕಿ, ಮಿಸೌರಿ, ಮೇರಿಲ್ಯಾಂಡ್, ಡೆಲವೇರ್ ರಾಜ್ಯಗಳ ಗುಲಾಮರು ಗುಲಾಮರಾಗಿಯೇ ಉಳಿದರು. ಸೇನೆಯ ಮುಖ್ಯಸ್ಥನಾಗಿ ಯುದ್ಧದ ಕ್ರಮವೆಂದು ಮಾತ್ರ ಇದನ್ನು ಮಾಡಬಲ್ಲೆ, ಅದಕ್ಕಿಂತ ಹೆಚ್ಚಿನ ಅಧಿಕಾರ ಸಂವಿಧಾನ ತನಗೆ ಕೊಟ್ಟಿಲ್ಲ ಎಂಬುದು ಲಿಂಕನ್ ನಿಲುವು.

*ನಿರ್ಧಾರ ಹುಟ್ಟಿದ್ದು ಎಲ್ಲಿಂದ?*

ಯಾವುದೂ ತಾನಾಗಿ ಹುಟ್ಟುವುದಿಲ್ಲ, ಕಾರಣಗಳು ಕೂಡಿದಾಗ ಹುಟ್ಟುತ್ತದೆ ಎಂಬ ಪಟಿಚ್ಚ ಸಮುಪ್ಪಾದವನ್ನು ನಾವು ಓದಿದ್ದೇವೆ. ಲಿಂಕನ್ ಸಹಿಗೂ ಕಾರಣಗಳಿದ್ದವು. 1861ರ ಮೇ ತಿಂಗಳ ಒಂದು ರಾತ್ರಿ ವರ್ಜೀನಿಯಾದ ಮೂವರು ಗುಲಾಮರು ದೋಣಿ ಹತ್ತಿ ಮನ್ರೋ ಕೋಟೆಯ ಒಕ್ಕೂಟ ಸೇನೆಯ ಬಳಿಗೆ ಬಂದರು. ಯಜಮಾನ ಕೇಳಿದರೂ ಅಲ್ಲಿನ ಸೇನಾಧಿಕಾರಿ ಅವರನ್ನು ಹಿಂದಿರುಗಿಸಲಿಲ್ಲ. ಅವರ ಹಿಂದೆ ಸಾವಿರಾರು ಜನ ಬಂದರು. ಘೋಷಣೆಗಿಂತ ಒಂದೂವರೆ ವರ್ಷ ಮೊದಲೇ ಅವರು ತಮ್ಮ ಕಾಲುಗಳಿಂದ ತೀರ್ಪು ಬರೆದಿದ್ದರು. ಮುಂದೆ ಸುಮಾರು 1 ಲಕ್ಷ 80 ಸಾವಿರ ಕಪ್ಪು ಜನ ಒಕ್ಕೂಟದ ಸೇನೆ ಸೇರಿದರು. ಬಿಳಿಯ ಸೈನಿಕನಿಗೆ ತಿಂಗಳಿಗೆ 13 ಡಾಲರ್ ಸಿಗುವಾಗ ಇವರಿಗೆ 10, ಅದರಲ್ಲೂ ಬಟ್ಟೆಗೆಂದು 3 ಡಾಲರ್ ಕಡಿತ. 1864ರ ಜೂನ್‌ವರೆಗೆ ಈ ತಾರತಮ್ಯ ನಡೆಯಿತು.

*ಬಿಟ್ಟುಕೊಡದ ಮಾತು*

ನನ್ನ ಮಟ್ಟಿಗೆ ಲಿಂಕನ್ ಅವರ ನಿಜವಾದ ಪರೀಕ್ಷೆ 1864ರ ಆಗಸ್ಟ್. ಜನ ಯುದ್ಧದಿಂದ ಬೇಸತ್ತಿದ್ದರು, ನವೆಂಬರ್‌ನಲ್ಲಿ ಚುನಾವಣೆ. ಗುಲಾಮರ ಬಿಡುಗಡೆಯ ಷರತ್ತನ್ನು ಕೈಬಿಟ್ಟರೆ ಸಂಧಿ ಸಾಧ್ಯ ಎಂದು ಸ್ವಂತ ಪಕ್ಷದವರೇ ಒತ್ತಡ ತಂದರು. ಅವರ ಮನಸ್ಸು ಅಲುಗಾಡಿತು. ಆ ದಾರಿಗೆ ಸ್ವಲ್ಪ ಎಡೆ ಕೊಡುವಂಥ ಪತ್ರವೊಂದನ್ನು ಬರೆದರು, ಆದರೆ ಕಳಿಸಲಿಲ್ಲ. ಪ್ರಾಣ ಕೊಟ್ಟು ಹೋರಾಡುತ್ತಿರುವ ಕಪ್ಪು ಸೈನಿಕರಿಗೆ ಕೊಟ್ಟ ಮಾತನ್ನು ಮುರಿಯಲಾರೆ ಎಂದು ನಿಂತರು. ಗುಲಾಮನಾಗಿ ಹುಟ್ಟಿ ಹೋರಾಟಗಾರನಾದ ಫ್ರೆಡರಿಕ್ ಡಗ್ಲಸ್ ಅವರನ್ನು ಕರೆಸಿ, ತಾನು ಸೋಲುವ ಮೊದಲು ದಕ್ಷಿಣದಿಂದ ಆದಷ್ಟು ಗುಲಾಮರನ್ನು ಹೊರತರುವ ದಾರಿ ಯಾವುದು ಎಂದು ಕೇಳಿದರು. ಸೋಲುವುದು ಬಹುತೇಕ ಖಚಿತ ಎಂದು ಆಗಸ್ಟ್ 23ರಂದು ಚೀಟಿಯಲ್ಲಿ ಬರೆದು, ಸಂಪುಟದವರಿಗೆ ಓದಲು ಕೊಡದೆಯೇ ಅದರ ಮೇಲೆ ಸಹಿ ಹಾಕಿಸಿಟ್ಟರು. ಸೆಪ್ಟೆಂಬರ್‌ನಲ್ಲಿ ಅಟ್ಲಾಂಟಾ ಕೈವಶವಾಗಿ ಗಾಳಿ ತಿರುಗಿತು. ಲಿಂಕನ್ ಗೆದ್ದರು. ಗುಲಾಮಗಿರಿಯನ್ನು ನಿಷೇಧಿಸುವ 13ನೇ ತಿದ್ದುಪಡಿ 1865ರ ಡಿಸೆಂಬರ್‌ನಲ್ಲಿ ಸಂವಿಧಾನ ಸೇರಿತು. ಅದನ್ನು ನೋಡಲು ಅವರು ಇರಲಿಲ್ಲ. ಕೆಲವು ಕಪ್ಪು ಜನರಿಗಾದರೂ ಮತದಾನದ ಹಕ್ಕು ಸಿಗಲಿ ಎಂದು ಏಪ್ರಿಲ್ 11ರಂದು ಭಾಷಣ ಮಾಡಿದ್ದರು. ಏಪ್ರಿಲ್ 14ರ ರಾತ್ರಿ ಗುಂಡೇಟು ಬಿತ್ತು, ಮರುದಿನ ತೀರಿಕೊಂಡರು.

ಹಾಗೆಂದು ಅವರ ಮೂರ್ತಿ ಮಾಡಿ ಪೂಜಿಸುವುದು ಬೇಡ. ವಿಮೋಚನಾ ಘೋಷಣೆಗೆ ಸಹಿ ಹಾಕುವ ಆರು ದಿನ ಮೊದಲು, 1862ರ ಡಿಸೆಂಬರ್ 26ರಂದು, ಮಿನೆಸೋಟಾದಲ್ಲಿ ಅದೇ ಲಿಂಕನ್ ಅನುಮೋದಿಸಿದ ಪಟ್ಟಿಯಂತೆ 38 ಡಕೋಟಾ ಮೂಲನಿವಾಸಿಗಳನ್ನು ಒಟ್ಟಿಗೇ ಗಲ್ಲಿಗೇರಿಸಲಾಯಿತು. ಸೇನಾ ನ್ಯಾಯಮಂಡಳಿ ಮರಣದಂಡನೆ ವಿಧಿಸಿದ್ದು 303 ಜನರಿಗೆ, ಕೆಲವರ ವಿಚಾರಣೆ ಮುಗಿದದ್ದು ನಿಮಿಷಗಳಲ್ಲಿ. ಕಡತಗಳನ್ನು ತರಿಸಿ ನೋಡಿ ಹೆಚ್ಚಿನವರನ್ನು ನೇಣಿನಿಂದ ತಪ್ಪಿಸಿದವರೂ ಅವರೇ, 38 ಜನರನ್ನು ಸಾವಿಗೆ ಬಿಟ್ಟವರೂ ಅವರೇ. ಎರಡನ್ನೂ ಒಟ್ಟಿಗೆ ನೋಡುವುದೇ ಸಮ್ಮಾ ದಿಟ್ಠಿ.

*ಸಹಿಯ ಮರುದಿನ*

ಬಿಡುಗಡೆಯಾದವರಿಗೆ ಸಿಕ್ಕಿದ್ದೇನು? ಜನರಲ್ ಶರ್ಮನ್ 1865ರ ಜನವರಿಯಲ್ಲಿ ಕರಾವಳಿಯ ಜಮೀನನ್ನು ಕುಟುಂಬಕ್ಕೆ 40 ಎಕರೆಯವರೆಗೆ ಹಂಚುವ ಆದೇಶ ಹೊರಡಿಸಿದ್ದರು. ಚುನಾವಣೆಯ ಲೆಕ್ಕಾಚಾರದಲ್ಲಿ ಲಿಂಕನ್ ಜೊತೆ ಉಪಾಧ್ಯಕ್ಷರಾದ ದಕ್ಷಿಣದ ಆಂಡ್ರ್ಯೂ ಜಾನ್ಸನ್ ಅಧ್ಯಕ್ಷರಾಗುತ್ತಲೇ ಆ ಜಮೀನಿನ ಬಹುಪಾಲನ್ನು ಹಳೆಯ ಯಜಮಾನರಿಗೇ ಹಿಂದಿರುಗಿಸಿದರು. 13ನೇ ತಿದ್ದುಪಡಿಯಲ್ಲಿ ಅಪರಾಧಕ್ಕೆ ಶಿಕ್ಷೆಯಾಗಿ ಬಲವಂತದ ದುಡಿಮೆಗೆ ಅವಕಾಶ ಉಳಿದಿತ್ತು. ಆ ಸಂದಿಯಿಂದಲೇ ಸಾವಿರಾರು ಕಪ್ಪು ಕೈದಿಗಳು ಗುತ್ತಿಗೆಯ ದುಡಿಮೆಗೆ ಬಿದ್ದರು. 1870ರಲ್ಲಿ ಕಪ್ಪು ಗಂಡಸರಿಗೆ ಮತದ ಹಕ್ಕು ಬಂತು, ಕಪ್ಪು ಪ್ರತಿನಿಧಿಗಳು ಸಂಸತ್ತಿಗೂ ಹೋದರು. 1877ರಲ್ಲಿ ರಾಜಕೀಯ ಒಪ್ಪಂದವೊಂದರ ನಂತರ ಕೇಂದ್ರ ಸೇನೆಯ ರಕ್ಷಣೆ ಹೋಯಿತು. ಕ್ರಮೇಣ ಮತದ ಹಕ್ಕೂ ಹೋಯಿತು. ಅದಕ್ಕೆ ಮತ್ತೆ ಗಟ್ಟಿ ಕಾನೂನಿನ ಬಲ ಬಂದದ್ದು 1965ರಲ್ಲಿ.

*ಫುಲೆ ಮತ್ತು ಬಾಬಾಸಾಹೇಬರು*

ಮಹಾತ್ಮ ಜೋತಿಬಾ ಫುಲೆಯವರು 1873ರಲ್ಲಿ ತಮ್ಮ 'ಗುಲಾಮಗಿರಿ' ಕೃತಿಯನ್ನು, ನೀಗ್ರೋ ಗುಲಾಮರ ಬಿಡುಗಡೆಗೆ ಶ್ರಮಿಸಿದ ಅಮೆರಿಕದ ಜನರಿಗೆ ಅರ್ಪಿಸಿದರು. ಆಗ ದಕ್ಷಿಣದಲ್ಲಿ ಕಪ್ಪು ಜನ ಮತ ಹಾಕುತ್ತಿದ್ದರು. ಭರವಸೆಗೆ ಕಾರಣವಿತ್ತು. ಬಾಬಾಸಾಹೇಬರು 1945ರ 'ಕಾಂಗ್ರೆಸ್ ಮತ್ತು ಗಾಂಧಿ ಅಸ್ಪೃಶ್ಯರಿಗೆ ಮಾಡಿದ್ದೇನು' ಕೃತಿಯಲ್ಲಿ ಗ್ರೀಲಿಗೆ ಬರೆದ ಅದೇ ಪತ್ರವನ್ನು ಎತ್ತಿಕೊಂಡು ಲಿಂಕನ್‌ರನ್ನು ಕಟುವಾಗಿ ವಿಮರ್ಶಿಸಿದರು. ಯುದ್ಧ ಗೆಲ್ಲಲು ನೆರವಾದ ನೀಗ್ರೋಗಳನ್ನು ಗೆದ್ದ ಮೇಲೆ ಕೈಬಿಟ್ಟದ್ದನ್ನು ಅಸ್ಪೃಶ್ಯರು ಮರೆಯಲಾರರು ಎಂದು ಎಚ್ಚರಿಸಿದರು. ಸ್ವಾತಂತ್ರ್ಯ ಬರುವ ಮೊದಲೇ ರಕ್ಷಣೆಗಳು ಬರಹದಲ್ಲಿ ಇರಬೇಕು ಎಂದು ಅವರು ಹಟ ಹಿಡಿದದ್ದರ ಹಿಂದೆ ಈ ಓದು ಇತ್ತು. ಇಬ್ಬರ ಮಾತಿನ ನಡುವೆ ಎಪ್ಪತ್ತೆರಡು ವರ್ಷಗಳ ಅನುಭವವಿದೆ. ಫುಲೆಯವರು ಸಹಿಯನ್ನು ನೋಡಿದರು, ಬಾಬಾಸಾಹೇಬರು ಅದರ ಮರುದಿನವನ್ನೂ ನೋಡಿದರು.

ನಮ್ಮ ಕರ್ನಾಟಕದಲ್ಲೂ ನಮ್ಮವರಿಗೆ ಮಂಜೂರಾದ ಜಮೀನು ಕೈತಪ್ಪಿ ಹೋಗುವುದನ್ನು ತಡೆಯಲು 1978ರಲ್ಲಿ ಪಿಟಿಸಿಎಲ್ ಕಾಯ್ದೆ ಬೇಕಾಯಿತು ಎಂಬುದನ್ನು ನೆನೆಯಿರಿ. ಹಕ್ಕು ಸಿಗುವುದು ಒಂದು ಕೆಲಸ. ಅದನ್ನು ಕಾಯುವುದು ಇನ್ನೊಂದು, ಅದಕ್ಕೆ ರಜೆ ಇಲ್ಲ. ಅಪ್ಪಮಾದ ಎಂದರೆ ಇದೇ: ಎಚ್ಚರ ತಪ್ಪದಿರುವುದು.

*ಇಂದು ಯೋಚಿಸೋಣ*

1. ನನ್ನ ಮನೆಗೆ ದಕ್ಕಿದ ಯಾವ ಹಕ್ಕನ್ನು ನಾನು ಯಾರೋ ಕೊಟ್ಟ ದಾನ ಎಂದು ಭಾವಿಸಿದ್ದೇನೆ? ಅದರ ಹಿಂದೆ ನಡೆದು ಬಂದವರು ಯಾರು?
2. ಕಷ್ಟದ ಹೊತ್ತಿನಲ್ಲಿ ಯಾರಿಗೆ ಕೊಟ್ಟ ಮಾತನ್ನು ಮೊದಲು ಬಿಟ್ಟುಕೊಡಲು ನನ್ನ ಮನಸ್ಸು ಹವಣಿಸುತ್ತದೆ?
3. ನಮ್ಮ ಕೇರಿಯಲ್ಲಿ ಕಾಗದದ ಮೇಲಿದ್ದೂ ಕೈಗೆ ಬಾರದ ಒಂದು ಹಕ್ಕು ಯಾವುದು? ಭಾನುವಾರದ ಅಧ್ಯಯನಕ್ಕೆ ಬರುವಾಗ ಅದರ ವಿವರ ತನ್ನಿ, ಕೂತು ಮಾತಾಡೋಣ.

ಸರ್ವರಿಗೂ ಮಂಗಳವಾಗಲಿ.
ನಮೋ ಬುದ್ಧಾಯ, ಜೈ ಭೀಮ್ 🙏