ಉಂಗುರ ಬೇಡ, ಕುಂಬಳಕಾಯಿ ಕೇಳು

ತಮ್ಮಾ, ನಂದೇಶ್ವರದ ಹೊಲದಾಗ ಬೋರ್ ಹೊಡೆಸಲು ನೀರು ತೋರಿಸುವವನನ್ನು ಕರೆಸಿದ್ದೀಯಂತೆ. ಅಂಗೈ ಮೇಲಿನ ತೆಂಗಿನಕಾಯಿ ಎದ್ದು ನಿಂತಲ್ಲಿ ನೀರಿದೆ ಅನ್ನುತ್ತಾನಂತೆ. ಬೇಡ ಅನ್ನುವುದಿಲ್ಲ. ಒಂದು ಮಾತು ಕೇಳಿಕೊಂಡು ಹೋಗು.

ಸಾಂಗೋಲಾ ಸಂತೆಯಲ್ಲಿ ಹಗ್ಗ ಕೊಳ್ಳುವಾಗ ಒಮ್ಮೆ ಜಗ್ಗಿ ನೋಡಿದರೆ ಸಾಕು. ಎತ್ತು ಕೊಳ್ಳುವಾಗ ಬಾಯಿ ಬಿಡಿಸಿ ಹಲ್ಲು ನೋಡುತ್ತೇವೆ, ನಡೆಸಿ ನೋಡುತ್ತೇವೆ, ನೊಗಕ್ಕೆ ಹೂಡಿ ನೋಡುತ್ತೇವೆ. ಮಾತೂ ಹಾಗೇ. ‘ನಿನ್ನೆ ಮಂಗಳವೇಢೆಯಲ್ಲಿ ಮಳೆ ಆಯ್ತು’ ಅಂದರೆ ಹೇಳಿದವನ ಮುಖ ನೋಡಿ ನಂಬಬಹುದು. ‘ಕಲ್ಲು ಹಾಲು ಕುಡಿಯಿತು’ ಅಂದರೆ ಆ ಮುಖ ಸಾಲದು. ಅವನು ಸುಳ್ಳನಲ್ಲದಿರಬಹುದು, ಕಣ್ಣೇ ಅವನಿಗೆ ಸುಳ್ಳು ಹೇಳಿರಬಹುದು.

1995ರ ಸೆಪ್ಟೆಂಬರ್ 21ರಂದು ಗಣಪತಿ ಗುಡಿಯ ಪಾಳಿಯಲ್ಲಿ ನಾನೂ ನಿಂತವನೇ. ಚಮಚದ ಹಾಲು ನನ್ನೆದುರೇ ಖಾಲಿಯಾಯಿತು. ಗಣಪತಿ ಹಾಲು ಕುಡಿಯುತ್ತಾನೆಂದು ದೇಶದ ಊರೂರಲ್ಲಿ ಅದೇ ಸುದ್ದಿ. ದೆಹಲಿಯಲ್ಲಿ ವಿಜ್ಞಾನಿಗಳು ಹಾಲಿಗೆ ಬಣ್ಣ ಬೆರೆಸಿ ಹಿಡಿದರು. ಸೊಂಡಿಲಿಗೆ ತಾಗಿದ ಹಾಲು ತೆಳ್ಳಗೆ ಹರಡಿ ಮೂರ್ತಿಯ ಮೈಮೇಲೆಯೇ ಇಳಿಯುತ್ತಿತ್ತು. ಒದ್ದೆ ಕಲ್ಲಿನ ಮೇಲೆ ಅದು ನಮ್ಮ ಕಣ್ಣಿಗೆ ಬಿದ್ದಿರಲಿಲ್ಲ. ಅಷ್ಟು ಜನರ ಸಾಕ್ಷಿ ಹೇಳದ್ದನ್ನು ಒಂದು ಚಿಟಿಕೆ ಬಣ್ಣ ಹೇಳಿತು.

ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳ ಪರೀಕ್ಷೆಗೆ ಸಮಿತಿ ಮಾಡಿದರು. ಬರಿಗೈಯಿಂದ ಉಂಗುರ ತೆಗೆಯುವವರು ಒಂದು ಕುಂಬಳಕಾಯಿ ತೆಗೆಯಲಿ ಅಂದರು. ತೋಳಿನಲ್ಲಿ ಉಂಗುರ ಅಡಗೀತು, ಕುಂಬಳಕಾಯಿ ಅಡಗದು. ಪರೀಕ್ಷೆ ಅಂದರೆ ಅದು: ಮೋಸಕ್ಕೂ ಭ್ರಮೆಗೂ ಜಾಗ ಬಿಡದ್ದು.

ಈಗ ನಿನ್ನ ಬೋರಿಗೆ ಬರೋಣ. ನಮ್ಮ ನೆಲದಡಿ ಕರಿಕಲ್ಲು. ನೀರು ಅದರ ಬಿರುಕುಗಳಲ್ಲಿರುತ್ತದೆ. ಕುರುಡಾಗಿ ಕೊರೆದರೂ ಕೆಲವೊಮ್ಮೆ ಸಿಗುತ್ತದೆ. ನೀರು ತೋರಿಸುವವನು ನೀರು ಬಿದ್ದ ಬೋರುಗಳ ಲೆಕ್ಕ ಕೊಡುತ್ತಾನೆ. ನೀನು ಧೂಳೆದ್ದವುಗಳ ಲೆಕ್ಕ ಕೇಳು. ಅವನ ಕಣ್ಣಿಗೆ ಟವೆಲ್ ಕಟ್ಟಿ ಮೂರು ಸಲ ಹೊಲ ತಿರುಗಿಸು. ಕಾಯಿ ಮೂರು ಕಡೆ ಎದ್ದರೆ ಉತ್ತರ ಸಿಕ್ಕಿತು. ಒಂದೇ ಕಡೆ ಎದ್ದರೂ ಅರ್ಧ ಪರೀಕ್ಷೆಯಷ್ಟೇ ಮುಗಿಯಿತು. ಉಳಿದರ್ಧ ನೀರೇ ಹೇಳಬೇಕು. ನಾನು ಇದನ್ನೆಲ್ಲ ಕೇಳದೆ ಎರಡು ಎಮ್ಮೆ ಮಾರಿ ಧೂಳು ಎಬ್ಬಿಸಿದವನು.

ನಿನ್ನ ಮನಸ್ಸಿಗೆ ಹಿತವಾದ ಮಾತಿಗೂ ಇದೇ ತಕ್ಕಡಿ ಹಿಡಿ, ನನ್ನ ಮಾತಿಗೂ ಹಿಡಿ. ಕೇಳುವಾಗ ಮಾತ್ರ ದನಿ ಏರಿಸಬೇಡ. ಎತ್ತಿನ ಹಲ್ಲು ನೋಡಿದರೆ ಮಾರುವವನಿಗೆ ಅವಮಾನವೇನಿಲ್ಲ. ಬಾಯಿ ಬಿಡಿಸಲು ಒಪ್ಪದಿದ್ದರೆ ಎತ್ತನ್ನು ಅಲ್ಲೇ ಬಿಟ್ಟು ಬಾ.