ನಲ್ಲಿ ನೀರು ಹಿಂದಕ್ಕೆ ಹರಿಯದಿರಲಿ: ಮನೆಯಿಂದಲೇ ಶುರು ಮಾಡುವ ಬಗೆ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ, ನಾಲ್ಕೂ ಊರುಗಳಲ್ಲಿ ನಗರಸಭೆ ನೀರು ಇಪ್ಪತ್ನಾಲ್ಕು ಗಂಟೆ ಬರುವುದಿಲ್ಲ. ಜಕ್ಕಲಮಡಗು ಜಲಾಶಯದ ನೀರಾಗಲಿ, ಕನ್ನಂಪಲ್ಲಿ ಕೆರೆಯದಾಗಲಿ, ಕೊಳವೆಬಾವಿಯದಾಗಲಿ, ವಾಲ್ವ್ ತಿರುಗಿಸಿದಾಗ ಒಂದಿಷ್ಟು ಹೊತ್ತು ಬಂದು ನಿಂತುಬಿಡುತ್ತದೆ. ಮತ್ತೆ ನಮ್ಮ ಬೀದಿಯ ಸರದಿ ಬರುವ ತನಕ ನೆಲದಡಿಯ ಪೈಪು ಖಾಲಿ ಬಿದ್ದಿರುತ್ತದೆ. ನೀರಿಲ್ಲ ಎಂದು ಕೊರಗುವ ನಾವು ಆ ಖಾಲಿ ಪೈಪಿನಲ್ಲಿ ಏನಾಗುತ್ತಿದೆ ಎಂದು ಯೋಚಿಸುವುದಿಲ್ಲ.

ಆಗುವುದು ಇಷ್ಟು. ಮೇಲಿನಿಂದ ನೀರು ನಿಂತೊಡನೆ ಪೈಪಿನಲ್ಲಿ ಉಳಿದದ್ದು ತಗ್ಗಿನ ಬೀದಿಗಳತ್ತ ಇಳಿಯುತ್ತದೆ. ಇಳಿಯುವಾಗ ಹಿಂದೆ ಬಿಟ್ಟ ಜಾಗವನ್ನು ತುಂಬಲು ತೆರೆದ ನಲ್ಲಿಯಿಂದ, ಸೋರುವ ಜಾಯಿಂಟಿನಿಂದ ಸಿಕ್ಕಿದ್ದನ್ನೆಲ್ಲ ಎಳೆದುಕೊಳ್ಳುತ್ತದೆ. ನಲ್ಲಿಗೆ ಸಿಕ್ಕಿಸಿದ ಪೈಪಿನ ತುದಿ ಬಟ್ಟೆ ಒಗೆದ ಬಕೆಟ್ಟಿನಲ್ಲಿದ್ದರೆ ಸೋಪಿನ ನೀರು, ಮೋರಿಯಲ್ಲಿದ್ದರೆ ಮೋರಿ ನೀರು. ಮುಂದಿನ ಸಲ ನೀರು ಬಿಟ್ಟಾಗ ಅದು ಪಕ್ಕದ ಮನೆಯ ಬಿಂದಿಗೆಗೆ ಬೀಳುತ್ತದೆ. ಇನ್ನೊಂದು ದಾರಿಯೂ ಇದೆ. ಮನೆ ಮೇಲಿನ ಟ್ಯಾಂಕು ಹತ್ತು ಮೀಟರ್ ಎತ್ತರದಲ್ಲಿದ್ದರೆ ಅದರ ಒತ್ತಡ ಸುಮಾರು ಒಂದು ಬಾರ್. ಬೀದಿಯ ಪೈಪಿನಲ್ಲಿ ಅಷ್ಟು ಒತ್ತಡ ಇಲ್ಲದಾಗ, ನಡುವೆ ತಡೆ ಇಲ್ಲದಿದ್ದರೆ, ಟ್ಯಾಂಕಿನ ನೀರು ಬೀದಿಗೆ ನುಗ್ಗುತ್ತದೆ.

ದೂರದ ಒಂದು ಘಟನೆ ಇದನ್ನು ಚೆನ್ನಾಗಿ ತೋರಿಸುತ್ತದೆ. ಅಮೆರಿಕದ ವೂಸ್ಟರ್ ನಗರದ ಹೋಲಿ ಕ್ರಾಸ್ ಕಾಲೇಜಿನ ಫುಟ್‌ಬಾಲ್ ತಂಡಕ್ಕೆ 1969ರಲ್ಲಿ ಹೆಚ್ಚುಕಡಿಮೆ ಪೂರ್ತಿಯಾಗಿ ಕಾಮಾಲೆಯ ಸೋಂಕು ಹತ್ತಿತು. ಮೈದಾನಕ್ಕೆ ನೀರು ಹಾಯಿಸುವ ನಲ್ಲಿಗಳು ನೆಲಮಟ್ಟಕ್ಕಿಂತ ಕೆಳಗೆ, ಗುಂಡಿಗಳಲ್ಲಿದ್ದವು. ಕಾಮಾಲೆಯಾಗಿದ್ದ ಮಕ್ಕಳು ಆ ನೀರಿನಲ್ಲಿ ಆಡಿದ್ದರು. ಊರಿನಲ್ಲಿ ಬೆಂಕಿ ಬಿದ್ದು ಅಗ್ನಿಶಾಮಕದವರು ನೀರೆಳೆದಾಗ ಪೈಪಿನ ಒತ್ತಡ ಕುಸಿದು ಗುಂಡಿಯ ನೀರು ಒಳಕ್ಕೆ ಹೋಯಿತು. ಆಟಗಾರರು ಕುಡಿದದ್ದು ಅದೇ ಲೈನಿನ ನೀರು. ಅಲ್ಲಿ ಒತ್ತಡ ಕುಸಿಯಲು ಬೆಂಕಿ ಬೀಳಬೇಕಾಯಿತು. ನಮ್ಮಲ್ಲಿ ಪ್ರತಿ ಸರದಿ ಮುಗಿದಾಗಲೂ ಕುಸಿಯುತ್ತದೆ.

ಮೊದಲ ಹಂತ: ನಿಮ್ಮ ಲೈನು ಎಳೆಯುತ್ತದೆಯೇ, ತಳ್ಳುತ್ತದೆಯೇ ನೋಡಿ

ನೀರು ನಿಲ್ಲುವ ಹೊತ್ತಿಗೆ ನಗರಸಭೆ ನಲ್ಲಿಯನ್ನು ತೆರೆದೇ ಇಟ್ಟು ಅದರ ಬಾಯಿಗೆ ಒಂದು ತೆಳು ಪ್ಲಾಸ್ಟಿಕ್ ಕವರ್ ಹಿಡಿಯಿರಿ. ಕವರ್ ಒಳಕ್ಕೆ ಎಳೆದು ಅಂಟಿಕೊಂಡರೆ ಪೈಪು ಎಳೆಯುತ್ತಿದೆ ಎಂದರ್ಥ. ಹಲವು ಮನೆಗಳಲ್ಲಿ ಉಸ್ ಎಂಬ ಸದ್ದೇ ಕೇಳುತ್ತದೆ.

ಎರಡನೇ ಪರೀಕ್ಷೆ ನೀರು ಬರದ ದಿನ. ಮೇಲಿನ ಟ್ಯಾಂಕ್ ತುಂಬಿರಲಿ. ಗೇಟಿನ ಬಳಿಯ ನಗರಸಭೆ ನಲ್ಲಿ ತಿರುಗಿಸಿ. ಬೀದಿಗೆ ನೀರು ಬಿಟ್ಟಿಲ್ಲ, ಆದರೂ ಧಾರೆ ನಿಲ್ಲದೆ ಬರುತ್ತಿದ್ದರೆ ಅದು ನಿಮ್ಮದೇ ಟ್ಯಾಂಕಿನ ನೀರು. ಎಲ್ಲೋ ಎರಡು ಲೈನು ಕೂಡಿಕೊಂಡಿದೆ. ಕೊಳವೆಬಾವಿ ಇರುವವರು ಅದರ ಮೋಟರ್ ಹಾಕಿ ಇದೇ ಪರೀಕ್ಷೆ ಮಾಡಿ.

ಆಮೇಲೆ ಒಂದು ಹಾಳೆಯ ಮೇಲೆ ನೀರಿನ ದಾರಿ ಬರೆಯಿರಿ: ಬೀದಿಯಿಂದ ಮೀಟರು, ಅಲ್ಲಿಂದ ಸಂಪು, ಮೋಟರು, ಮೇಲಿನ ಟ್ಯಾಂಕು, ಒಂದೊಂದು ನಲ್ಲಿ. ಮನೆ ಕಟ್ಟಿದ ಪ್ಲಂಬರ್ ಸಿಕ್ಕರೆ ಕರೆಸಿ ಕೇಳಿ. ಗೋಡೆಯೊಳಗೆ ಹುದುಗಿದ ಟೀ ಜಾಯಿಂಟು ಎಲ್ಲಿದೆ ಎಂದು ಗೊತ್ತಿರುವುದು ಅವರೊಬ್ಬರಿಗೇ.

ಎರಡನೇ ಹಂತ: ನಲ್ಲಿ ಗುಂಡಿ ಮುಚ್ಚಿ

ನಮ್ಮ ಕಡೆ ನನಗೆ ಎಲ್ಲಕ್ಕಿಂತ ಹೆಚ್ಚು ಭಯ ಹುಟ್ಟಿಸುವುದು ಇದು. ಒತ್ತಡ ಕಡಿಮೆ ಎಂದು ಮನೆ ಮುಂದೆ ಗುಂಡಿ ತೋಡಿ, ನಲ್ಲಿಯನ್ನು ನೆಲಕ್ಕಿಂತ ಎರಡು ಮೂರು ಅಡಿ ಕೆಳಗಿಳಿಸಿ, ಅಲ್ಲಿ ಬಿಂದಿಗೆ ಇಟ್ಟು ಹಿಡಿಯುವುದು. ಪಕ್ಕದಲ್ಲೇ ಮೋರಿ. ಪಾತ್ರೆ ತೊಳೆದದ್ದು, ಮಳೆ ನೀರು, ಮೋರಿಯಿಂದ ಜಿನುಗಿದ್ದು ಎಲ್ಲ ಆ ಗುಂಡಿಯಲ್ಲೇ ನಿಲ್ಲುತ್ತದೆ. ಎಷ್ಟೋ ಕಡೆ ನಲ್ಲಿಗೆ ತಲೆಯೇ ಇರುವುದಿಲ್ಲ, ಬರೀ ಪೈಪಿನ ತುದಿ. ಸರದಿ ಮುಗಿದೊಡನೆ ಗುಂಡಿಯ ನೀರು ಸದ್ದಿಲ್ಲದೆ ಪೈಪಿನೊಳಗೆ ಹೋಗುತ್ತದೆ.

ಗುಂಡಿ ತೋಡಿದವರನ್ನು ಬೈದು ಉಪಯೋಗವಿಲ್ಲ. ಮೇಲಿನ ಮನೆಗಳವರು ಮೋಟರ್ ಹಾಕಿ ಎಳೆಯುವುದರಿಂದಲೇ ಅವರಿಗೆ ಗುಂಡಿ ತೋಡುವ ಪಾಡು ಬಂದಿರುವುದು. ಆದರೂ ಮಾಡಬಹುದಾದದ್ದಿದೆ. ಗುಂಡಿಯನ್ನು ಮಣ್ಣು ಹಾಕಿ ಮುಚ್ಚಿ ನಲ್ಲಿಯನ್ನು ನೆಲದಿಂದ ಒಂದಡಿಯಾದರೂ ಮೇಲಕ್ಕೆ ತರಬೇಕು. ಅಷ್ಟು ಏರಲೂ ಒತ್ತಡ ಸಾಲದ ಬೀದಿಯಾದರೆ ಗುಂಡಿಗೆ ಸಿಮೆಂಟಿನ ತಳ, ಸುತ್ತ ನೆಲಕ್ಕಿಂತ ಗೇಣೆತ್ತರದ ಕಟ್ಟೆ, ನಲ್ಲಿಗೆ ಭದ್ರವಾದ ತಲೆ, ಮೇಲೊಂದು ಮುಚ್ಚಳ. ನೀರು ಹಿಡಿದಾದ ಮೇಲೆ, ಧಾರೆ ಇನ್ನೂ ಸಣ್ಣದಾಗಿ ಬರುತ್ತಿರುವಾಗಲೇ, ನಲ್ಲಿ ಕಟ್ಟಿ. ಬರಲಿ ಬಿಡು ಎಂದು ತೆರೆದಿಟ್ಟು ಮಲಗುವುದೇ ಪೈಪಿಗೆ ದಾರಿ ಮಾಡಿಕೊಟ್ಟಂತೆ.

ಮೀಟರಿನಿಂದ ಮನೆಗೆ ಬರುವ ಪೈಪು ಮೋರಿಯೊಳಗೆ ಮುಳುಗಿ ಹಾದಿದ್ದರೆ ಅದನ್ನೂ ಈಗಲೇ ಎತ್ತಿಸಿ. ಒಳಚರಂಡಿ ಪೈಪಿಗೂ ಕುಡಿಯುವ ನೀರಿನ ಪೈಪಿಗೂ 3 ಮೀಟರ್ ದೂರ ಇರಬೇಕು, ಒಂದನ್ನೊಂದು ದಾಟುವ ಕಡೆ ನೀರಿನ ಪೈಪು ಅರ್ಧ ಮೀಟರಾದರೂ ಮೇಲಿರಬೇಕು ಎಂಬುದು ಎಂಜಿನಿಯರುಗಳು ಪಾಲಿಸಬೇಕಾದ ಲೆಕ್ಕ. ಹಳೇ ಪೇಟೆಯ ಓಣಿಗಳಲ್ಲಿ ಅಷ್ಟು ಜಾಗ ಸಿಗದು. ಮೇಲಿರಲಿ, ಜಾಯಿಂಟು ಮೋರಿಯ ಮೇಲೆ ಬಾರದಿರಲಿ, ಅಷ್ಟನ್ನು ಬಿಡಬೇಡಿ.

ಮೂರನೇ ಹಂತ: ಪೈಪಿನ ಬಾಯಿಗೂ ನೀರಿಗೂ ನಡುವೆ ಗಾಳಿ ಬಿಡಿ

ಇದೊಂದು ಸಾಧಿಸಿದರೆ ಮುಕ್ಕಾಲು ಕೆಲಸ ಆದಂತೆ. ನೀರು ಬೀಳುವ ಪೈಪಿನ ಬಾಯಿ, ಕೆಳಗಿನ ನೀರು ಏರಬಹುದಾದ ಅತಿ ಹೆಚ್ಚಿನ ಮಟ್ಟಕ್ಕಿಂತ ಮೇಲಿರಬೇಕು. ಎಷ್ಟು ಮೇಲೆ? ಪೈಪಿನ ವ್ಯಾಸದ ಎರಡರಷ್ಟು, ಒಂದು ಇಂಚಿಗಿಂತ ಕಡಿಮೆ ಬೇಡ. ಅರ್ಧ ಇಂಚಿನ ಪೈಪಿಗೆ ಒಂದು ಇಂಚು, ಮುಕ್ಕಾಲು ಇಂಚಿನದಕ್ಕೆ ಒಂದೂವರೆ. ಈ ಸಂದಿಯನ್ನು ಯಾವ ಎಳೆತವೂ ದಾಟಲಾರದು. ಪೈಪು ಗಾಳಿಯನ್ನಷ್ಟೇ ಎಳೆಯುತ್ತದೆ. ಇದಕ್ಕೆ ಸ್ಪ್ರಿಂಗಿಲ್ಲ, ವಾಷರ್ ಇಲ್ಲ, ಕೆಡುವ ಭಾಗವೇ ಇಲ್ಲ.

ಸಂಪಿನ ಮುಚ್ಚಳ ತೆಗೆದು ನೋಡಿ. ಸದ್ದಾಗದಿರಲೆಂದೋ, ಯಾರೋ ಹಾಗೆ ಹೇಳಿದರೆಂದೋ ಪೈಪನ್ನು ತಳದವರೆಗೆ ಇಳಿಸಿರುವುದು ಬಹಳ ಕಡೆ ಕಾಣುತ್ತದೆ. ಅದನ್ನು ಮೇಲೆಯೇ ಕತ್ತರಿಸಿ. ಇನ್ನು ನೀರಿನ ಮಟ್ಟದ ಪ್ರಶ್ನೆ. ಮೇಲಿನ ಟ್ಯಾಂಕಿಗೆ ಹೆಚ್ಚಾದ ನೀರು ಹೊರಹೋಗಲು ತೂತಿರುತ್ತದೆ; ಪೈಪಿನ ಬಾಯಿ ಅದಕ್ಕಿಂತ ಮೇಲಿದ್ದರಾಯಿತು. ನೆಲದೊಳಗಿನ ಸಂಪಿಗೆ ಅಂಥ ತೂತಿಡುವುದು ಕಷ್ಟ, ತುಂಬಿದರೆ ಮುಚ್ಚಳದವರೆಗೂ ಏರುತ್ತದೆ. ಸರಿಯಾದ ದಾರಿ ಪೈಪನ್ನು ಸಂಪಿನ ಕಟ್ಟೆಗಿಂತ ಮೇಲಕ್ಕೆ ತಂದು ಬಾಗಿಸಿ ಒಳಕ್ಕೆ ಬಿಡುವುದು. ಒತ್ತಡ ಸಾಲದಿದ್ದರೆ ಬಾಲ್ ವಾಲ್ವ್ ಹಾಕಿಸಿ, ನೀರು ಪೈಪಿನ ಬಾಯಿಗೆ ಒಂದೆರಡು ಇಂಚು ಉಳಿದಿರುವಾಗಲೇ ಅದು ಮುಚ್ಚಿಕೊಳ್ಳುವಂತೆ ಕಡ್ಡಿ ಬಾಗಿಸಿ. ಇದು ಎರಡನೇ ದರ್ಜೆಯ ಪರಿಹಾರ. ಬಾಲ್ ಸಿಕ್ಕಿಕೊಂಡರೆ ಸಂದಿ ಮುಚ್ಚಿಹೋಗುತ್ತದೆ. ಹಾಗಾಗಿ ನೀರನ್ನು ಹಿಂದಕ್ಕೆ ಬಿಡದ ವಾಲ್ವ್, ಅಂದರೆ ಕೆಳಗೆ ಹೇಳುವ ಎನ್‌ಆರ್‌ವಿ ಅಲ್ಲಿ ಇರಲೇಬೇಕು. ಸಂಪಿನ ಬಾಯಿಯ ಕಟ್ಟೆ ಅಂಗಳಕ್ಕಿಂತ ಗೇಣೆತ್ತರ ಇರಲಿ.

ಟ್ಯಾಂಕರ್ ನೀರು ಹಾಕಿಸುವವರಿಗೆ ಒಂದು ಮಾತು. ರಸ್ತೆಯ ಕೆಸರಲ್ಲಿ ಎಳೆದಾಡಿದ ಪೈಪಿನ ತುದಿಯನ್ನು ಹಾಗೇ ಸಂಪಿನೊಳಗೆ ಇಳಿಸಲು ಬಿಡಬೇಡಿ. ತೊಳೆಸಿ, ಮೇಲೆ ಹಿಡಿದು ಸುರಿಯಲು ಹೇಳಿ.

ನಾಲ್ಕನೇ ಹಂತ: ನಲ್ಲಿಗೆ ಕಟ್ಟಿದ ಮೋಟರ್ ಬಿಚ್ಚಿ

ನಗರಸಭೆ ಪೈಪಿಗೆ ನೇರವಾಗಿ ಮೋಟರ್ ಕಟ್ಟುವುದು ನಿಯಮಕ್ಕೆ ವಿರುದ್ಧ ಎಂದು ಎಲ್ಲರಿಗೂ ಗೊತ್ತು. ಪಕ್ಕದವರ ಪಾಲು ಕಸಿಯುತ್ತದೆ ಎಂಬುದೂ ಗೊತ್ತು. ಗೊತ್ತಿಲ್ಲದಿರುವುದು ಮುಖ್ಯವಾದದ್ದು: ಏಳು ಮೀಟರ್ ಆಳದಿಂದ ನೀರೆತ್ತಬಲ್ಲ ಮೋಟರು ಬೀದಿಯ ಪೈಪಿಗೆ ಬಾಯಿ ಹಾಕಿದಾಗ, ನೀರು ಬರುತ್ತಿರುವ ಹೊತ್ತಿನಲ್ಲೇ ಸುತ್ತಲಿನ ಜಾಯಿಂಟುಗಳಿಂದ ಚರಂಡಿ ನೀರು ಒಳಕ್ಕೆ ಬರುತ್ತದೆ. ಮೊದಲು ಅದನ್ನು ಕುಡಿಯುವುದು ಮೋಟರ್ ಹಾಕಿದ ಮನೆಯವರೇ. ನೀರು ತಾನಾಗಿ ಸಂಪಿಗೆ ಬೀಳಲಿ, ಸಂಪಿನಿಂದ ಮೋಟರ್ ಎತ್ತಲಿ. ಸಂಪಿಗೆ ಜಾಗವಿಲ್ಲದ ಚಿಕ್ಕ ಮನೆಯವರು ನಲ್ಲಿಯ ಕೆಳಗೆ ಇನ್ನೂರು ಲೀಟರಿನ ಡ್ರಮ್ ಇಟ್ಟು ಅದರಿಂದ ಎತ್ತಬಹುದು.

ಐದನೇ ಹಂತ: ಎರಡು ಬಗೆಯ ನೀರನ್ನು ಒಂದೇ ಪೈಪಿಗೆ ಸೇರಿಸಬೇಡಿ

ಕೊಳವೆಬಾವಿ, ನಗರಸಭೆ ಎರಡೂ ಇರುವ ಮನೆಗಳಲ್ಲಿ ಖರ್ಚು ಉಳಿಸಲು ಟೀ ಹಾಕಿ, ನಡುವೆ ಗೇಟ್ ವಾಲ್ವ್ ಇಟ್ಟು ಎರಡನ್ನೂ ಒಂದು ಮಾಡಿರುತ್ತಾರೆ. ವಾಲ್ವ್ ಕಟ್ಟಲು ಒಂದು ದಿನ ಮರೆತರೆ ಸಾಕು. ಗೌರಿಬಿದನೂರು ಸುತ್ತ ಆಳದ ಕೊಳವೆಬಾವಿಗಳಲ್ಲಿ ಫ್ಲೋರೈಡ್ ತೊಂದರೆ ಹಳೆಯದು. ಅಂಥ ನೀರು ಬೀದಿಯ ಲೈನಿಗೆ ಸೇರಿದರೆ ಕುದಿಸಿದರೂ ಹೋಗದು. ಟೀ ಕತ್ತರಿಸಿ ಎರಡು ತುದಿಗೂ ಎಂಡ್‌ಕ್ಯಾಪ್ ಹಾಕಿಸಿ. ಎರಡೂ ನೀರು ಬೇಕಾದರೆ ಎರಡು ಪೈಪು ಬೇರೆಬೇರೆಯಾಗಿ ಮೇಲಿನಿಂದ ಸಂಪಿಗೆ ಬೀಳಲಿ.

ಜಿಲ್ಲೆಯ ಕೆರೆಗಳಿಗೆ ಬೆಂಗಳೂರಿನ ಹೆಬ್ಬಾಳ–ನಾಗವಾರ ಕಣಿವೆಯಿಂದ ಸಂಸ್ಕರಿಸಿದ ನೀರು ಬರುತ್ತಿದೆ. ಅದು ಅಂತರ್ಜಲ ಹೆಚ್ಚಿಸಲೆಂದು ತಂದದ್ದು, ಕುಡಿಯುವುದಕ್ಕಲ್ಲ. ಕೆರೆಯಿಂದ ತೋಟಕ್ಕೆ ಬರುವ ಯಾವ ಪೈಪೂ ಮನೆಯ ಲೈನಿನ ಹತ್ತಿರಕ್ಕೂ ಬರಬಾರದು. ಫಿನ್ಲೆಂಡಿನ ನೋಕಿಯಾ ಊರಿನಲ್ಲಿ 2007ರ ನವೆಂಬರ್‌ನಲ್ಲಿ ಸಂಸ್ಕರಿಸಿದ ಕೊಳಚೆಯ ಪೈಪಿಗೂ ಕುಡಿಯುವ ನೀರಿನ ಪೈಪಿಗೂ ನಡುವೆ ಒಂದೇ ಒಂದು ವಾಲ್ವ್ ತೆರೆದುಕೊಂಡಿತ್ತು. ಎಂಟು ಸಾವಿರಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು.

ಆರನೇ ಹಂತ: ತೋಟ, ಹುಳುಮನೆ, ಫಿಲೇಚರ್

ಹಳ್ಳಿಗಳಲ್ಲಿ ಮನೆಮನೆಗೂ ನಲ್ಲಿ ಬಂದ ಮೇಲೆ ಔಷಧಿ ಕಲಸುವ ಡ್ರಮ್ಮಿಗೂ ಅದರಿಂದಲೇ ನೀರು. ದ್ರಾಕ್ಷಿ ತೋಟಕ್ಕೆ, ಟೊಮೆಟೊಗೆ ಹೊಡೆಯುವ ಔಷಧಿ ಬೆರೆಸಿ, ಹಸಿರು ಪೈಪನ್ನು ಡ್ರಮ್ಮಿನ ತಳಕ್ಕೆ ಬಿಟ್ಟು ಬೇರೆ ಕೆಲಸಕ್ಕೆ ಹೋಗುತ್ತೇವೆ. ಆ ಹೊತ್ತಿನಲ್ಲಿ ನೀರುಗಂಟಿ ವಾಲ್ವ್ ಕಟ್ಟಿದರೆ ಔಷಧಿ ಊರಿನ ಪೈಪಿಗೆ ಹೋಗುತ್ತದೆ. ರೋಗಾಣುವಾದರೆ ಕ್ಲೋರಿನ್ ಕೊಲ್ಲಬಹುದು, ಕೀಟನಾಶಕದ ವಿಷವನ್ನು ಅದು ತೆಗೆಯದು. ರೂಢಿ ಹೀಗಿರಲಿ: ಮೊದಲು ಬಕೆಟ್ಟಿನಲ್ಲಿ ನೀರು ಹಿಡಿದು ಡ್ರಮ್ಮಿಗೆ ಸುರಿಯುವುದು, ಔಷಧಿ ಕೊನೆಗೆ. ರೇಷ್ಮೆ ಹುಳುಮನೆ ತೊಳೆಯಲು ಬ್ಲೀಚಿಂಗ್ ಪೌಡರ್, ಫಾರ್ಮಲಿನ್ ಕಲಸುವಾಗಲೂ ಇದೇ.

ಶಿಡ್ಲಘಟ್ಟದ ಫಿಲೇಚರ್‌ಗಳಲ್ಲಿ, ಅಂದರೆ ರೇಷ್ಮೆ ನೂಲು ಬಿಚ್ಚುವ ಘಟಕಗಳಲ್ಲಿ, ಗೂಡು ಬೇಯಿಸುವ ತೊಟ್ಟಿ, ಬೇಸಿನ್ನುಗಳಿಗೆ ಪೈಪು ಮುಳುಗಿಸಿ ನೀರು ತುಂಬುವುದನ್ನು ಬಿಡಬೇಕು. ಸತ್ತ ಹುಳುವಿನ ಆ ನೀರು ಗಂಟೆಗಳಲ್ಲಿ ನಾರುತ್ತದೆ. ಘಟಕಕ್ಕೆಂದೇ ಒಂದು ಟ್ಯಾಂಕು, ಆ ಟ್ಯಾಂಕಿಗೆ ಮೇಲಿನಿಂದ ಬೀಳುವ ನೀರು, ಅಲ್ಲಿಂದ ಮುಂದೆ ಎಲ್ಲ ಪೈಪು. ಆಸ್ಪತ್ರೆ, ವಾಹನ ತೊಳೆಯುವ ಸರ್ವಿಸ್ ಸ್ಟೇಷನ್, ಹೋಟೆಲುಗಳಿಗೂ ಇದೇ ಮಾತು.

ಏಳನೇ ಹಂತ: ಎನ್‌ಆರ್‌ವಿ

ನೀರನ್ನು ಒಂದೇ ದಿಕ್ಕಿಗೆ ಬಿಡುವ ಈ ವಾಲ್ವ್ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಮೀಟರ್ ದಾಟಿದ ಕೂಡಲೇ ಹಾಕಿಸಿ, ಮೈಮೇಲಿನ ಬಾಣ ಮನೆಯ ಕಡೆಗೆ ಇರಲಿ. ಎರಡೂ ಬದಿ ಯೂನಿಯನ್ ಇದ್ದರೆ ಬಿಚ್ಚಿ ತೊಳೆಯುವುದು ಸುಲಭ. ನಮ್ಮ ಗಡಸು ನೀರಿನಲ್ಲಿ ಸುಣ್ಣ ಕಟ್ಟಿ, ಮರಳು ಸಿಕ್ಕಿ ಅದು ಅರ್ಧ ತೆರೆದೇ ನಿಲ್ಲುತ್ತದೆ. ಆದ್ದರಿಂದ ವರ್ಷಕ್ಕೊಮ್ಮೆ ಬಿಚ್ಚಿಸಿ, ಮೊದಲ ಹಂತದ ಎರಡೂ ಪರೀಕ್ಷೆ ಮತ್ತೆ ಮಾಡಿ. ಎನ್‌ಆರ್‌ವಿ ಇದೆಯಲ್ಲ ಎಂದು ಮೂರನೇ ಹಂತ ಬಿಡುವುದು ತಪ್ಪು ಲೆಕ್ಕ.

ಎಂಟನೇ ಹಂತ: ನೀರು ಕೆಟ್ಟಿದೆ ಎನಿಸಿದರೆ

ನೀರು ಬಂದ ಮೊದಲ ಕೆಲವು ನಿಮಿಷದ್ದನ್ನು ಯಾವತ್ತೂ ಕುಡಿಯಲು ಹಿಡಿಯಬೇಡಿ; ಗಿಡಕ್ಕೋ ಅಂಗಳಕ್ಕೋ ಹಾಕಿ. ವಾಸನೆ, ನೊರೆ, ಬಣ್ಣ ಕಂಡರೆ ಸಂಪಿಗೆ ಬಿಡದೆ ವಾಲ್ವ್ ಕಟ್ಟಿ, ಸ್ವಚ್ಛ ಬಾಟಲಿಯಲ್ಲಿ ಸ್ವಲ್ಪ ಹಿಡಿದಿಟ್ಟುಕೊಂಡು ಕೂಡಲೇ ನಗರಸಭೆಗೋ ಪಂಚಾಯಿತಿಗೋ ತಿಳಿಸಿ. ಯಾವ ಬೀದಿ, ಎಷ್ಟು ಹೊತ್ತಿಗೆ, ಅಕ್ಕಪಕ್ಕ ಯಾರ ಮನೆಯಲ್ಲಿ ವಾಂತಿಭೇದಿ ಎಂಬುದನ್ನೂ ಹೇಳಿ. ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ 2023ರ ಆಗಸ್ಟ್‌ನಲ್ಲಿ ಕಲುಷಿತ ನೀರು ಕುಡಿದು ಜನ ಸತ್ತರು. ಅಂಥ ಹೊತ್ತಿನಲ್ಲಿ ಒಂದು ದಿನ ಮುಂಚೆ ಹೇಳಿದ್ದು ಜೀವ ಉಳಿಸುತ್ತದೆ. ಔಷಧಿಯ ವಾಸನೆಯಾದರೆ ಕುದಿಸಿ ಕುಡಿಯುವ ಯೋಚನೆಯೇ ಬೇಡ, ಆ ನೀರು ಚೆಲ್ಲಿ.

ಆರೋಗ್ಯ ಇಲಾಖೆಯವರು ಬಂದಾಗ ಬೀದಿಯ ಕೊನೆಯ ಮನೆಯ ನೀರಿನಲ್ಲಿ ಕ್ಲೋರಿನ್ ನೋಡಿಸಿ. ಭಾರತೀಯ ಮಾನಕದ ಪ್ರಕಾರ ಲೀಟರಿಗೆ 0.2 ಮಿಲಿಗ್ರಾಂ ಉಳಿದಿರಬೇಕು. ಮೊದಲ ಮನೆಯಲ್ಲಿದ್ದು ಕೊನೆಯ ಮನೆಯಲ್ಲಿ ಇಲ್ಲವಾದರೆ ನಡುವೆ ಏನೋ ಒಳಸೇರಿ ಅದನ್ನು ತಿಂದಿರಬಹುದು. ಹುಡುಕಬೇಕಾದ ಜಾಗ ಅದೇ.

ರೋಗಾಣುವಿನಿಂದ ಕೆಟ್ಟ ಟ್ಯಾಂಕನ್ನು ತೊಳೆಯುವುದು ಹೀಗೆ. ಖಾಲಿ ಮಾಡಿ ಉಜ್ಜಿ. ಮತ್ತೆ ತುಂಬಿಸಿ ಸಾವಿರ ಲೀಟರಿಗೆ 200 ಗ್ರಾಂ ಬ್ಲೀಚಿಂಗ್ ಪೌಡರನ್ನು ಬಕೆಟ್ಟಿನಲ್ಲಿ ಕದಡಿ, ಸುಣ್ಣ ತಳಕ್ಕೆ ಇಳಿದ ಮೇಲೆ ತಿಳಿನೀರು ಮಾತ್ರ ಸುರಿಯಿರಿ. ಮನೆಯ ಒಂದೊಂದು ನಲ್ಲಿಯನ್ನೂ ಬ್ಲೀಚಿಂಗ್ ವಾಸನೆ ಬರುವ ತನಕ ಬಿಟ್ಟು ಕಟ್ಟಿ, ರಾತ್ರಿಯಿಡೀ ಹಾಗೇ ಇರಲಿ. ಆ ನೀರನ್ನು ಯಾರೂ ಕುಡಿಯಬಾರದು. ಬ್ಲೀಚಿಂಗ್ ಹಾಕುವ ಮೊದಲು ಬೀದಿಯ ಕಡೆಯ ವಾಲ್ವ್ ಕಟ್ಟಿರಬೇಕು. ಬೆಳಿಗ್ಗೆ ಪೂರ್ತಿ ಚೆಲ್ಲಿ, ಎರಡು ಸಲ ತೊಳೆದು, ಆಮೇಲೆ ಆ ವಾಲ್ವ್ ತೆರೆಯಿರಿ.